ಕತೆಗೆ ಚಿತ್ರ ಬರೆದವರು

ಜಿಕ್ಲೆ ಪ್ರಿಂಟುಗಳ ಮೇಲೆ ಬರೆಯುತ್ತೇನೆಂದು ಕಳೆದ ವಾರ ಮಾತು ಕೊಟ್ಟಿದ್ದೆ. ಕ್ಯಾನ್ವಾಸಿನ ಫೋಟೊ ತೆಗೆದು, ಇಂಕ್‌ಜೆಟ್ ಯಂತ್ರಕ್ಕೆ ಕೊಟ್ಟು, ಕೆಳಗೆ ಪೆನ್ಸಿಲಿನಲ್ಲಿ 7/50 ಎಂದು ಗೀಚಿ ಮಾರುವ ವ್ಯಾಪಾರದ ಮೇಲೆ ನನಗಿರುವ ಸಿಟ್ಟು ಈ ಅಂಕಣದ ಓದುಗರಿಗೆ ಹೊಸದಲ್ಲ. ಪ್ಲೇಟು ಒತ್ತಿದಷ್ಟೂ ಸವೆಯುತ್ತದೆ, ಅದಕ್ಕೇ ಪ್ರತಿಗಳಿಗೆ ಲೆಕ್ಕ. ಸವೆಯದ ಕಂಪ್ಯೂಟರ್ ಫೈಲಿಗೆ ಯಾವ ಲೆಕ್ಕ? ಇಷ್ಟಕ್ಕೇ ಬಿಡುತ್ತೇನೆ. ಭಾನುವಾರ ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಆಸುಪಾಸಿನ ಗುಜರಿ ಅಂಗಡಿಯೊಂದರಲ್ಲಿ ಇದಕ್ಕಿಂತ ಒಳ್ಳೆಯ ವಿಷಯ ಸಿಕ್ಕಿದೆ.

ಸಿಕ್ಕಿದ್ದು ಅಂಗೈಯಗಲದ ಸತುವಿನ ಬ್ಲಾಕು, ಮರದ ತುಂಡಿಗೆ ಮೊಳೆ ಹೊಡೆದು ಕೂರಿಸಿದ್ದು. ಬಸ್ಸಿಗೆ ಕಾದು ನಿಂತ ಗಂಡಸು, ಅವನ ಪಕ್ಕಕ್ಕೆ ತಿರುಗಿ ನಿಂತ ಹೆಂಗಸು. ಯಾವುದೋ ವಾರಪತ್ರಿಕೆಯ ಕತೆಗೆ ಬರೆದ ಚಿತ್ರವಿರಬೇಕು. ಸಹಿ ಇಲ್ಲ. ಅಂಗಡಿಯವರು ತೂಕ ಮಾಡಿ ಕೊಟ್ಟರು.

ಮನೆಗೆ ತಂದು ಭೂತಗನ್ನಡಿ ಹಿಡಿದಾಗ ಹಳೆಯ ಜಗಳವೊಂದು ನೆನಪಾಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಬ್ಲಾಕು ಮಾಡುವವನೂ ಎಚ್ಚಿಂಗ್ ಮಾಡುವವನೂ ಇಟ್ಟುಕೊಂಡಿರುವುದು ಒಂದೇ ಸತು, ಒಂದೇ ನೈಟ್ರಿಕ್ ಆಮ್ಲ. ಬ್ಲಾಕಿನಲ್ಲಿ ಆಮ್ಲ ಗೆರೆಯನ್ನು ಬಿಟ್ಟು ಉಳಿದದ್ದನ್ನು ತಿನ್ನುತ್ತದೆ, ಎಚ್ಚಿಂಗಿನಲ್ಲಿ ಗೆರೆಯನ್ನೇ ತಿನ್ನುತ್ತದೆ. ಒಂದರಲ್ಲಿ ಶಾಯಿ ಉಬ್ಬಿನ ಮೇಲೆ, ಇನ್ನೊಂದರಲ್ಲಿ ತಗ್ಗಿನೊಳಗೆ. ಲೈನ್ ಬ್ಲಾಕಿನಲ್ಲಿ ಬೂದು ಬಣ್ಣವಿಲ್ಲ. ಕಪ್ಪು, ಇಲ್ಲವೇ ಕಾಗದದ ಬಿಳಿ. ನೆರಳು ಬೇಕಾದವನು ಗೆರೆಯ ಮೇಲೆ ಗೆರೆ ಹೆಣೆಯಬೇಕು, ಚುಕ್ಕೆ ಇಡಬೇಕು. ಬೂದು ಛಾಯೆ ಕೊಡುವ ಅಕ್ವಾಟಿಂಟಿಗೆ ಕೈಹಾಕದೆ ಬರೀ ಸೂಜಿ ಹಿಡಿದು ಕೂತ ಎಚ್ಚಿಂಗಿನವನ ಪಾಡೂ ಅದೇ. ಪತ್ರಿಕೆಗೆ ಬರೆದು ಪಳಗಿದ ಕೈ ಪ್ಲೇಟಿನ ಮುಂದೆ ಕೂತರೆ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ಹೆಚ್ಚೆಂದರೆ ಎಡಬಲ ಅದಲುಬದಲಾಗುವುದನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು.

ಹಾಗೆ ಎರಡೂ ಕಡೆ ಕೂತವರು ಚಂದ್ರನಾಥ ಆಚಾರ್ಯರು. ಹುಟ್ಟಿದ್ದು ಪುತ್ತೂರಿನಲ್ಲಿ, 1949ರಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಹಡಪದ್ ಮೇಷ್ಟ್ರ ಶಿಷ್ಯ. ಗ್ರಾಫಿಕ್ಸ್ ಕಲಿತದ್ದು ಶಾಂತಿನಿಕೇತನದಲ್ಲಿ. ಆದರೂ ಕನ್ನಡದ ಮನೆಗಳು ಅವರ ಗೆರೆಯನ್ನು ಗುರುತು ಹಿಡಿದದ್ದು ಗ್ಯಾಲರಿಯಲ್ಲಲ್ಲ, ಸುಧಾ, ಮಯೂರ, ಪ್ರಜಾವಾಣಿಯ ಪುಟಗಳಲ್ಲಿ. ಕತೆ ಮರೆತರೂ ಅದರ ಚಿತ್ರ ಮರೆಯದ ಓದುಗರು ನನಗೆ ಬಹಳ ಮಂದಿ ಗೊತ್ತು. ಪುಟ ತಿರುಗಿಸುವವನನ್ನು ಕ್ಷಣ ಹಿಡಿದು ನಿಲ್ಲಿಸಬೇಕು, ಕತೆಯ ಗುಟ್ಟು ಬಿಟ್ಟುಕೊಡಬಾರದು, ಶುಕ್ರವಾರದೊಳಗೆ ಮುಗಿಸಬೇಕು. ಕತೆಯ ಚಿತ್ರಕ್ಕೆ ಕಟ್ಟಳೆ ಇಷ್ಟೇ, ಇದರಲ್ಲಿ ಗೆದ್ದವರು ಮಾತ್ರ ಕಡಿಮೆ.

ಈಗ ಆ ಜಗಳ. ನಮ್ಮ ಗ್ಯಾಲರಿ ಮಂದಿಯ ಬಾಯಲ್ಲಿ ‘ಇಲ್ಲಸ್ಟ್ರೇಟರ್’ ಎಂಬುದು ಬೈಗುಳ. ಯಾರಾದರೂ ಮನುಷ್ಯಾಕೃತಿಯನ್ನು ಕೈಕಾಲು ಸರಿಯಾಗಿ ಕೂಡಿಸಿ ಬರೆದರೋ, ‘ಸ್ವಲ್ಪ ಇಲ್ಲಸ್ಟ್ರೇಟಿವ್ ಆಯ್ತು’ ಎಂದು ಮೂಗು ಮುರಿಯುತ್ತಾರೆ. ಇನ್‌ಸ್ಟಲೇಶನ್ ಪಂಥದವರಂತೂ ಪೆನ್ನು ಹಿಡಿದವನನ್ನು ಕಲಾವಿದರ ಸಾಲಿನಲ್ಲೇ ಕೂರಿಸುವುದಿಲ್ಲ. ಇವರೆಲ್ಲ ಕೈಮುಗಿಯುವ ಸೋಮನಾಥ ಹೋರ್ ಅವರನ್ನೇ ನೋಡಿ. ಶಾಂತಿನಿಕೇತನದ ಗ್ರಾಫಿಕ್ಸ್ ವಿಭಾಗಕ್ಕೆ ಹೆಸರು ತಂದವರು. ಅವರು ಶುರುಮಾಡಿದ್ದು 1943ರ ಬಂಗಾಳದ ಬರದಲ್ಲಿ, ಹಸಿದು ಬಿದ್ದ ಜನರ ಚಿತ್ರಗಳನ್ನು ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗೆ ಬರೆಯುತ್ತ.

ಇನ್ನೂ ಹಿಂದೆ ಹೋದರೆ ನನ್ನ ಆರಾಧ್ಯ ದೈವ ದೋಮಿಯೇ. ಪ್ಯಾರಿಸಿನ ಪತ್ರಿಕೆಗಳಿಗೆ ಸುಮಾರು 4,000 ಲಿಥೋಗ್ರಾಫು ಮಾಡಿದ ಮನುಷ್ಯ. ದೊರೆಯನ್ನು ದುಡ್ಡು ನುಂಗುವ ದೈತ್ಯನಂತೆ ಬರೆದು 1832ರಲ್ಲಿ ಜೈಲಿಗೂ ಹೋಗಿಬಂದ. 1834ರಲ್ಲಿ ಟ್ರಾನ್ಸ್‌ನೊನೆ ಎಂಬ ಬೀದಿಯ ಮನೆಯೊಂದಕ್ಕೆ ಸೈನಿಕರು ನುಗ್ಗಿ ಸಿಕ್ಕವರನ್ನೆಲ್ಲ ಕೊಂದರು. ದೋಮಿಯೇ ಸೈನಿಕರನ್ನು ಬರೆಯಲಿಲ್ಲ, ಬಂದೂಕನ್ನೂ ಬರೆಯಲಿಲ್ಲ. ಕೆದರಿದ ಹಾಸಿಗೆ. ಅದಕ್ಕೆ ಒರಗಿದಂತೆ ಕುಸಿದುಬಿದ್ದ, ರಾತ್ರಿಯ ಅಂಗಿ ಟೋಪಿಯಲ್ಲೇ ಇರುವ ಗಂಡಸು. ಅವನ ಮೈಯಡಿ ಸಿಕ್ಕಿದ ಮಗು. ಒಂದು ಬದಿಗೆ ಮುದುಕನ ತಲೆ, ಹಿಂದಿನ ಕತ್ತಲಲ್ಲಿ ಹೆಂಗಸಿನ ಹೆಣ. ಬೆಳಕೆಲ್ಲ ಆ ಅಂಗಿಯ ಮೇಲೆ. ಪೊಲೀಸರು ಸಿಕ್ಕಿದ ಪ್ರತಿಗಳನ್ನೂ ಚಿತ್ರದ ಕಲ್ಲನ್ನೂ ವಶಪಡಿಸಿಕೊಂಡರು. ಪತ್ರಿಕೆಯ ಚಂದಾದಾರರಿಗೆಂದು ಮಾಡಿದ ಚಿತ್ರವದು. ‘ಇಲ್ಲಸ್ಟ್ರೇಟಿವ್’ ಎನ್ನುವವರು ಇದರ ಮುಂದೆ ನಿಂತು ಹೇಳಲಿ.

ದೋಮಿಯೇ ಮಾಡೆಲ್ ಕೂರಿಸಿ ಬರೆದವನಲ್ಲ, ಬೀದಿಯಲ್ಲಿ ಕಂಡದ್ದನ್ನು ತಲೆಯಲ್ಲಿ ಹೊತ್ತು ತಂದು ಕಲ್ಲಿನ ಮೇಲೆ ಇಳಿಸುತ್ತಿದ್ದ. ಅದಕ್ಕೇ ಗ್ರಾಫಿಕ್ಸ್ ವಿದ್ಯಾರ್ಥಿಗಳಿಗೆ ನಾನು ಹೇಳುವುದು: ಸ್ಟಿಲ್ ಲೈಫ್ ಹೂದಾನಿ ಬಿಟ್ಟು ರಸೆಲ್ ಮಾರುಕಟ್ಟೆಗೆ ಹೋಗಿ. 1927ರ ಕಟ್ಟಡ, 2012ರಲ್ಲಿ ಬೆಂಕಿಗೆ ಸಿಕ್ಕಿಯೂ ನಿಂತಿದೆ. ಮೇಲಿಂದ ಬೀಳುವ ಬೆಳಕು ಹಣ್ಣಿನ ರಾಶಿಯ ಮೇಲೆ ಒಂದು ಥರ, ಮೀನಿನ ಮೇಲೆ ಇನ್ನೊಂದು ಥರ. ಅಲ್ಲಿ ಯಾರೂ ನಿಮಗಾಗಿ ಅಲುಗದೆ ನಿಲ್ಲುವುದಿಲ್ಲ. ತಕ್ಕಡಿ ಎತ್ತಿದ ಕೈ ಕೆಳಗಿಳಿಯುವುದರೊಳಗೆ ಗೆರೆ ಮುಗಿಯಬೇಕು. ರಬ್ಬರಿಗೆ ಕೆಲಸವಿಲ್ಲ. ತಪ್ಪು ಗೆರೆಯೊಂದಿಗೇ ಮುಂದುವರಿಯುವ ಅಭ್ಯಾಸ ಪ್ಲೇಟಿನ ಮೇಲೂ ಬೇಕಾಗುತ್ತದೆ.

ಕೇರಳದ ಚಾವಕ್ಕಾಡಿನಿಂದ ಹುಡುಗನಾಗಿದ್ದಾಗಲೇ ಬೆಂಗಳೂರಿಗೆ ಬಂದ ಯೂಸುಫ್ ಅರಕ್ಕಲ್ ಅವರನ್ನೂ ಇಲ್ಲಿ ನೆನೆಯಬೇಕು. ಎಚ್‌ಎಎಲ್‌ನಲ್ಲಿ ದುಡಿದವರು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತವರು, ದೆಹಲಿಯ ಗಢಿ ಸ್ಟುಡಿಯೋದಲ್ಲಿ ಗ್ರಾಫಿಕ್ಸ್ ಹಿಡಿದವರು. ಫುಟ್‌ಪಾತಿನಲ್ಲಿ ಮಲಗುವವರನ್ನು ಕೊನೆಯವರೆಗೂ ಬಿಡದೆ ಚಿತ್ರಿಸಿದರು. 2016ರಲ್ಲಿ ತೀರಿಕೊಂಡರು. ಅವರದೇ ಒಂದು ಅಂಕಣವಾಗುವಷ್ಟಿದೆ, ಇನ್ನೊಮ್ಮೆ.

ಸದ್ಯಕ್ಕೆ ನನ್ನ ಅಹವಾಲು ಬೇರೆ. ಕ್ಯಾನ್ವಾಸಾದರೆ ಯಾರದೋ ಗೋಡೆಯ ಮೇಲಾದರೂ ಉಳಿಯುತ್ತದೆ. ಆಚಾರ್ಯರೂ ಅವರ ಓರಗೆಯವರೂ ಪತ್ರಿಕೆಗಳಿಗೆ ಬರೆದದ್ದು ರದ್ದಿಯವನ ತಕ್ಕಡಿಗೆ ಹೋಗುತ್ತಿದೆ. ಲಲಿತಕಲಾ ಅಕಾಡೆಮಿ ಒಂದಿಷ್ಟು ದುಡ್ಡು ತೆಗೆದಿಟ್ಟು ಈ ಕತೆ-ಚಿತ್ರಗಳನ್ನು ಹುಡುಕಿಸಿ, ಬರೆದವರ ಹೆಸರು ಹಾಕಿ, ಪುಸ್ತಕ ಮಾಡಲಿ. ಅದು ಆಗುವವರೆಗೆ, ಅಟ್ಟದ ಮೇಲೆ ಹಳೆಯ ಸುಧಾ, ಮಯೂರ ಇಟ್ಟುಕೊಂಡವರು ದಯವಿಟ್ಟು ಮಾರಬೇಡಿ.