ಲಿಪಿಯು ಕಟ್ಟಿದ ಹಳ್ಳಿಗ: ‘ಗ್ರಾಮ್ಯ’ ಬರವಣಿಗೆಯ ವಿಮರ್ಶೆ

ಅಲಂಕಾರಶಾಸ್ತ್ರದಲ್ಲಿ ‘ಗ್ರಾಮ್ಯ’ ಎಂಬುದು ದೋಷದ ಹೆಸರು; ವಾಮನನು ಅದನ್ನು ಪದದೋಷಗಳಲ್ಲಿ ಎಣಿಸಿದ್ದಾನೆ. ಗ್ರಾಮ್ಯ ಪದಗಳಿಗೆ ಗ್ರಂಥಸ್ಥ ರೂಪ ಬರೆಯಿಸುವ ಅಭ್ಯಾಸ ನಮ್ಮ ಶಾಲಾಪಠ್ಯಗಳಲ್ಲಿ ಪರಿಚಿತವೇ. ಜನಪ್ರಿಯ ಕಥನ ಹಾಗೂ ಸಿನಿಮಾಗಳ ‘ಹಳ್ಳಿಗಮಾರ’ ರೂಪುಗೊಳ್ಳುವುದು ಈ ವಿಭಜನೆಯ ಆಸರೆಯಲ್ಲಿ. ಅವನ ಪೆದ್ದುತನಕ್ಕೆ ಸಾಕ್ಷಿಯೆಂದು ಮುಂದಿಡುವ ಭಾಷಿಕ ಲಕ್ಷಣಗಳು ನಿಜಕ್ಕೂ ಏನನ್ನು ಹೇಳುತ್ತವೆ?

ಮೊದಲನೆಯದು ಹಕಾರಲೋಪ. ಹಳಗನ್ನಡದ ‘ಪಾಲ್’ ನಡುಗನ್ನಡದಲ್ಲಿ ‘ಹಾಲು’ ಆಯಿತು. ಕೆಲವು ಉಪಭಾಷೆಗಳಲ್ಲಿ ಅದೇ ‘ಆಲು’ ಆಗಿದೆ. ಇವೆರಡೂ ಒಂದೇ ಶಿಥಿಲೀಕರಣದ ಎರಡು ಹೆಜ್ಜೆಗಳು. ಮೊದಲನೆಯದು ಶಿಷ್ಟವೆನಿಸಿ ಎರಡನೆಯದು ನಗೆಪಾಟಲಾಗಲು ಧ್ವನಿವಿಜ್ಞಾನದಲ್ಲಿ ಕಾರಣವಿಲ್ಲ. ಬರೆಹದ ಮನ್ನಣೆ ದೊರೆತದ್ದು ಮೊದಲನೆಯದಕ್ಕೆ ಮಾತ್ರ. ‘ಆದರದ ಸ್ವಾಗತ’ವನ್ನು ‘ಹಾದರದ ಸ್ವಾಗತ’ವಾಗಿಸಿದ ಭಾಷಣಕಾರನ ಹಳೆಯ ನಗೆಹನಿಯೂ ಅಜ್ಞಾನದ ನಿದರ್ಶನವಲ್ಲ. ಶಿಷ್ಟರೂಪದ ಅರಿವಿದ್ದು ಅದನ್ನು ಮುಟ್ಟಲು ಹೆಣಗುವವನಲ್ಲಿ ಮಾತ್ರ ಇಂಥ ಅತಿಶುದ್ಧೀಕರಣ ಸಾಧ್ಯ.

ಎರಡನೆಯದು ಮಹಾಪ್ರಾಣ. ಸಹಜವಾದ ಆಡುಮಾತಿನಲ್ಲಿ ಓದಿದವರೂ ಅನೇಕ ವೇಳೆ ‘ಭೂಮಿ’ಯನ್ನು ‘ಬೂಮಿ’ ಎಂದೇ ಉಚ್ಚರಿಸುತ್ತಾರೆ. ಆದರೂ ಕತೆಗಾರ ‘ಬೂಮಿ’ ಎಂದು ಬರೆಯುವುದು ರೈತ ಮಾತಾಡಿದಾಗ. ಪೇಟೆಯ ವಕೀಲನ ಬಾಯಲ್ಲಿ ಅದು ‘ಭೂಮಿ’ಯೇ. ಈ ಭೇದ ಕಿವಿಗೆ ಕೇಳಿದ್ದಲ್ಲ, ಕಣ್ಣಿಗಾಗಿ ಹುಟ್ಟಿಸಿದ್ದು. ಮಹಾಪ್ರಾಣಾಕ್ಷರಗಳನ್ನು ಕೈಬಿಟ್ಟು ತಮ್ಮ ಹೆಸರನ್ನೂ ‘ಶಂಕರ ಬಟ್’ ಎಂದೇ ಬರೆದ ಭಾಷಾವಿಜ್ಞಾನಿಯ ಬರೆಹವನ್ನು ನಾವು ಸೈದ್ಧಾಂತಿಕ ನಿಲುವೆಂದು ಚರ್ಚಿಸುತ್ತೇವೆ. ಅದೇ ಕಾಗುಣಿತ ಹಳ್ಳಿಗನ ಮಾತಿನಲ್ಲಿ ಬಂದರೆ ಅವನ ಬುದ್ಧಿಮಟ್ಟವನ್ನು ಅಳೆಯುತ್ತೇವೆ.

ಹಾಗೆಂದು ಉಪಭಾಷೆಯ ಬರೆಹವೆಲ್ಲ ಅಪಹಾಸ್ಯವಲ್ಲ. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ನಿರೂಪಣೆ ಗ್ರಾಂಥಿಕ, ಸಂಭಾಷಣೆ ಮಲೆನಾಡಿನದು. ಅಲ್ಲಿ ಆ ಮಾತು ಪಾತ್ರಗಳನ್ನು ಕಿರಿದಾಗಿಸದು. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಒಂದು ಹೆಜ್ಜೆ ಮುಂದೆ ಹೋಗಿ ನಿರೂಪಕನನ್ನೂ ಆಡುನುಡಿಯೊಳಕ್ಕೆ ತಂದಿತು. ಅಲ್ಲಿ ಹೋಲಿಸಿ ನಗಲು ಮೇಲಿನ ಮೆಟ್ಟಿಲೇ ಇಲ್ಲ. ಆದ್ದರಿಂದ ವಿಮರ್ಶೆ ಕೇಳಬೇಕಾದದ್ದು ಹಳ್ಳಿಗನ ಮಾತು ‘ಸಹಜ’ವೇ ಎಂದಷ್ಟೇ ಅಲ್ಲ, ಯಾರ ಉಚ್ಚಾರಣೆಯನ್ನು ಬರೆದು ಯಾರದನ್ನು ತಿದ್ದಲಾಗಿದೆ ಎಂದು.

ಇದು ಸಾಹಿತ್ಯಕ್ಕಷ್ಟೇ ಸೀಮಿತವಾದ ಮಾತಲ್ಲ. ‘ಆಲು’ ಎನ್ನುವ ಮಗು ತರಗತಿಯ ನಗುವಿಗೆ ಹೆದರಿ ಬಾಯಿ ಮುಚ್ಚಿದರೆ, ನಷ್ಟವಾಗುವುದು ಉಚ್ಚಾರಣೆಯಲ್ಲ, ಅದು ಕೇಳಬಹುದಾಗಿದ್ದ ಪ್ರಶ್ನೆ. ಕ್ಷೇತ್ರಕಾರ್ಯದ ಮಾತನ್ನು ಲಿಪ್ಯಂತರಿಸುವ ನಾವೂ ರೈತನಿಗೊಂದು, ಅಧ್ಯಾಪಕನಿಗೊಂದು ಕಾಗುಣಿತ ಬಳಸುವುದನ್ನು ನಿಲ್ಲಿಸಬೇಕು.