ನಗುತ್ತಿದ್ದ ಬಿಲಿ ಹಾಲಿಡೇ

ಅಮೆರಿಕದ ಜಾಝ್ ಗಾಯಕಿ ಬಿಲಿ ಹಾಲಿಡೇ ಹೆಸರೆತ್ತಿದರೆ ಸಾಕು, ಮಾತು ನೋವಿನ ಕಡೆಗೆ ತಿರುಗುತ್ತದೆ. ಹೆರಾಯಿನ್, 1947ರ ಜೈಲು, ಕೈಮಾಡುವ ಗಂಡಸರು, ಆಸ್ಪತ್ರೆಯ ಹಾಸಿಗೆಯಲ್ಲೇ ಬಂಧನ, 44ನೇ ವಯಸ್ಸಿಗೆ ಸಾವು. ಆಕೆಯ ಬಗ್ಗೆ 1972ರಲ್ಲಿ ಬಂದ ಚಲನಚಿತ್ರವೂ 2021ರಲ್ಲಿ ಬಂದದ್ದೂ ಇದೇ ದಾರಿ ಹಿಡಿದವು. ಹೀಗೆ ಹೇಳಿ ಹೇಳಿ ಒಂದು ಅಭಿಪ್ರಾಯ ಬೇರುಬಿಟ್ಟಿದೆ: ಬದುಕು ಜರ್ಜರಿತವಾಗಿ ದನಿ ಒಡೆದ ಮೇಲೆಯೇ ಆಕೆಯ ಹಾಡಿಗೆ ಸತ್ಯ ಬಂತು, 1930ರ ದಶಕದ ಗ್ರಾಮಫೋನ್ ತಟ್ಟೆಗಳು ಇಂಪಾಗಿವೆ ನಿಜ, ಆದರೆ ಹಗುರ, ಕುಣಿಯುವವರಿಗೆ ಮಾಡಿದ ಸರಕು. ಈ ನಂಬಿಕೆಯವರ ಗರ್ಭಗುಡಿಯಲ್ಲಿರುವುದು 1958ರ 'ಲೇಡಿ ಇನ್ ಸ್ಯಾಟಿನ್' ಎಂಬ ಆಲ್ಬಂ.

ಈ ಅಭಿಪ್ರಾಯ ತಪ್ಪು ಮಾತ್ರವಲ್ಲ, ಆ ಕಲಾವಿದೆಗೆ ಮಾಡುವ ಅನ್ಯಾಯ ಎಂದೂ ನಾನು ತಿಳಿದಿದ್ದೇನೆ. ಆಕೆ ದುಡಿದು ಗಳಿಸಿದ ವಿದ್ಯೆಯನ್ನೆಲ್ಲ ಅದು ಆಕೆಯ ದುರದೃಷ್ಟದ ಖಾತೆಗೆ ಬರೆದುಬಿಡುತ್ತದೆ.

1935ರ ಜುಲೈ 2ರಂದು ನ್ಯೂಯಾರ್ಕಿನ ಸ್ಟುಡಿಯೋ ಒಂದರಲ್ಲಿ ಪಿಯಾನೋ ವಾದಕ ಟೆಡ್ಡಿ ವಿಲ್ಸನ್ ನೇತೃತ್ವದಲ್ಲಿ ನಾಲ್ಕು ಹಾಡುಗಳು ಮುದ್ರಣಗೊಂಡವು. ಕ್ಲಾರಿನೆಟ್‌ಗೆ ಬೆನ್ನಿ ಗುಡ್‌ಮನ್, ಟ್ರಂಪೆಟ್‌ಗೆ ರಾಯ್ ಎಲ್ಡ್ರಿಜ್, ಟೆನರ್ ಸ್ಯಾಕ್ಸೊಫೋನ್‌ಗೆ ಬೆನ್ ವೆಬ್‌ಸ್ಟರ್, ಡ್ರಮ್‌ಗೆ ಕೋಜಿ ಕೋಲ್. ಹಾಡುವ ಹುಡುಗಿಗೆ ಇಪ್ಪತ್ತು ವರ್ಷ. ಅದಕ್ಕೂ ಮೊದಲು, 1933ರಲ್ಲಿ ಗುಡ್‌ಮನ್ ತಂಡದ ಜೊತೆ ಹಾಡಿದ್ದಳು. ಆ ತಟ್ಟೆಯನ್ನು ಹೊಗಳಲು ನಾನು ತಯಾರಿಲ್ಲ. ಎತ್ತರದ ಶ್ರುತಿಯಲ್ಲಿ ದನಿ ಬಿಗಿದುಕೊಂಡಿದೆ, ತನ್ನದಲ್ಲದ ಅಂಗಿ ತೊಟ್ಟಂತೆ ಕೇಳುತ್ತದೆ. ಎರಡೇ ವರ್ಷಗಳಲ್ಲಿ ಆದ ಬದಲಾವಣೆ ದೊಡ್ಡದು. 'ವಾಟ್ ಎ ಲಿಟ್ಲ್ ಮೂನ್‌ಲೈಟ್ ಕ್ಯಾನ್ ಡೂ' ಕೇಳಿ. ವಾದ್ಯಗಳು ಓಡುತ್ತಿವೆ. ಅವುಗಳ ನಡುವೆ ಬಿಲಿ ಆತುರವೇ ಇಲ್ಲದೆ ಬರುತ್ತಾಳೆ. ತಾಳದ ಪೆಟ್ಟು ಬಿದ್ದು ಒಂದು ಕೂದಲೆಳೆ ಕಳೆದ ಮೇಲೆ ಮಾತು ಬೀಳುತ್ತದೆ. ಒಂದು ಸಾಲನ್ನು ಹಿಂದಕ್ಕೆ ಎಳೆಯುತ್ತಾಳೆ, ಮುಂದಿನದನ್ನು ಚುರುಕಾಗಿ ನುಡಿದು ಲೆಕ್ಕ ಚುಕ್ತಾ ಮಾಡುತ್ತಾಳೆ. ಲಯ ತಪ್ಪೀತೆಂಬ ಭಯ ಕೇಳುವವನಿಗೆ ಆಗಬಹುದು, ಆಕೆಗೆ ಇಲ್ಲ. ಇದು ಯಾವ ನೋವು ಕಲಿಸುವ ವಿದ್ಯೆ? ಲೂಯಿ ಆರ್ಮ್‌ಸ್ಟ್ರಾಂಗ್ ಮತ್ತು ಬೆಸ್ಸಿ ಸ್ಮಿತ್ ಅವರ ತಟ್ಟೆಗಳನ್ನು ಕಿವಿಗೊಟ್ಟು ಕೇಳಿ, ಹಾರ್ಲೆಮ್‌ನ ಕ್ಲಬ್ಬುಗಳಲ್ಲಿ ರಾತ್ರಿಗಟ್ಟಲೆ ಹಾಡಿ ಬಂದದ್ದು ಅದು.

ಆಕೆಯ ಕಂಠದ ವ್ಯಾಪ್ತಿ ಒಂದು ಸ್ಥಾಯಿಗಿಂತ ಅಷ್ಟೇನೂ ಹೆಚ್ಚಿರಲಿಲ್ಲ. ಈ ಮಿತಿಯನ್ನೇ ಆಕೆ ಸಾಧನ ಮಾಡಿಕೊಂಡಳು. ರಾಗ ಕಟ್ಟಿದವನು ಏರಿಳಿತ ಇಟ್ಟ ಕಡೆ ಬಿಲಿ ಮೂರು ನಾಲ್ಕು ಸ್ವರಗಳಲ್ಲಿ ನಿಂತು, ಬದಲಾವಣೆಯನ್ನೆಲ್ಲ ಕಾಲಕ್ಕೆ ವರ್ಗಾಯಿಸುತ್ತಾಳೆ. ಕರ್ನಾಟಕ ಸಂಗೀತದ ನೆರವಲ್ ಕೇಳಿ ಅಭ್ಯಾಸವಿರುವ ನಮ್ಮ ಕಿವಿಗೆ ಇದು ಬೇಗ ದಕ್ಕುತ್ತದೆ: ಮಾತು ಅದೇ, ಅದು ಬೀಳುವ ಜಾಗ ಬೇರೆ.

ಹಾಡುಗಳೇ ಕಳಪೆ, ಬಿಲಿ ಕಸದಿಂದ ರಸ ತೆಗೆದಳು ಎನ್ನುವವರೂ ಇದ್ದಾರೆ. ಇದು ಅರ್ಧ ಸತ್ಯ. ಈ ತಟ್ಟೆಗಳು ಬಹುಪಾಲು ಜೂಕ್‌ಬಾಕ್ಸ್‌ಗಳಿಗೆಂದು, ಅದರಲ್ಲೂ ಕಪ್ಪು ಜನರ ಕೇರಿಗಳ ಜೂಕ್‌ಬಾಕ್ಸ್‌ಗಳಿಗೆಂದು, ಕಡಿಮೆ ಖರ್ಚಿನಲ್ಲಿ ತಯಾರಾದವು. ಬರೆದಿಟ್ಟ ಸಂಯೋಜನೆ ಕಡಿಮೆ, ಸ್ಟುಡಿಯೋದಲ್ಲೇ ಮಾತಾಡಿಕೊಂಡು ನುಡಿಸುವುದು ಹೆಚ್ಚು. ಒಳ್ಳೆಯ ಹೊಸ ಹಾಡುಗಳು ಮೊದಲು ಹೆಸರಾಂತ ಬಿಳಿಯ ತಂಡಗಳ ಪಾಲಾಗುತ್ತಿದ್ದವು, ಉಳಿದವು ಇವರಿಗೆ. ಆದರೆ ಉಳಿದದ್ದೆಲ್ಲ ಕಸವಲ್ಲ. ಆ ಜುಲೈ 2ರಂದೇ ಆಕೆ ಹಾಡಿದ 'ಐ ವಿಶ್ಡ್ ಆನ್ ದ ಮೂನ್' ಸಾಹಿತ್ಯ ಡೊರೊತಿ ಪಾರ್ಕರ್ ಅವರದು. 'ವೈ ವಾಸ್ ಐ ಬಾರ್ನ್' ಜೆರೋಮ್ ಕರ್ನ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನ್ ಅವರ ಕೃತಿ. ಆಕೆಗೆ ಸಿಕ್ಕಿದ್ದು ಮಾತ್ರ ದಿನದ ಸಂಭಾವನೆ, ರಾಯಲ್ಟಿ ಇಲ್ಲ. ತಟ್ಟೆಯ ಮೇಲೆ ದೊಡ್ಡ ಹೆಸರು ಟೆಡ್ಡಿ ವಿಲ್ಸನ್ ಅವರದು.

ನಾನು ಮತ್ತೆ ಮತ್ತೆ ಮರಳುವುದು 1937ಕ್ಕೆ. ಆ ಜನವರಿಯಲ್ಲಿ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಈ ಮುದ್ರಣಗಳಿಗೆ ಬಂದು ಸೇರಿಕೊಂಡರು. ಜೂನ್ 15ರಂದು ಮುದ್ರಿತವಾದ 'ಎ ಸೇಲ್‌ಬೋಟ್ ಇನ್ ದ ಮೂನ್‌ಲೈಟ್' ಗೈ ಲೊಂಬಾರ್ಡೊ ತಂಡ ಜನಪ್ರಿಯಗೊಳಿಸಿದ ಸಕ್ಕರೆ ಪಾಕದ ಹಾಡು. ಇಲ್ಲಿ ಬಿಲಿ ಸಕ್ಕರೆಯನ್ನು ಗೇಲಿ ಮಾಡುವುದಿಲ್ಲ, ಅದರಲ್ಲಿ ಮುಳುಗುವುದೂ ಇಲ್ಲ. ಬೆಳದಿಂಗಳು, ದೋಣಿ, ಜೊತೆಗೊಬ್ಬ: ಈ ಆಸೆ ಸಣ್ಣದಲ್ಲ ಎಂದು ನಂಬಿ ಹಾಡುತ್ತಾಳೆ. ಹಿಂದಿನಿಂದ ಲೆಸ್ಟರ್ ವಾದ್ಯ ಆಕೆಯ ಸಾಲು ಮುಗಿಯುವ ಮೊದಲೇ ಉತ್ತರ ಕೊಡುತ್ತದೆ, ಆಕೆ ಆ ಉತ್ತರವನ್ನು ಕೇಳಿಸಿಕೊಂಡು ಮುಂದಿನ ಸಾಲನ್ನು ತಿರುವುತ್ತಾಳೆ. ಇಬ್ಬರು ಗೆಳೆಯರು ಹರಟುತ್ತಿರುವಾಗ ಪಕ್ಕದಲ್ಲಿ ಕೂತ ಹಾಗಾಗುತ್ತದೆ. ಮೂರು ನಿಮಿಷವೂ ಇಲ್ಲದ ಈ ತಟ್ಟೆಯಲ್ಲಿ ಇರುವಷ್ಟು ಸಂಗೀತದ ಬುದ್ಧಿ, ತಂತಿವಾದ್ಯಗಳ ದೊಡ್ಡ ಮೇಳ ಕಟ್ಟಿಕೊಂಡ 'ಲೇಡಿ ಇನ್ ಸ್ಯಾಟಿನ್' ಇಡೀ ತಟ್ಟೆಯಲ್ಲಿ ನನಗೆ ಸಿಕ್ಕಿಲ್ಲ.

ನೋವಿನ ವಾದಕ್ಕೆ ಇನ್ನೊಂದು ತೊಡಕಿದೆ. ನೋವು ಆಕೆಗೆ ನಡುವಯಸ್ಸಿನಲ್ಲಿ ಬಂದದ್ದೇ? ಬಾಲ್ಟಿಮೋರಿನ ಬಡತನದಲ್ಲಿ ಬೆಳೆದವಳು, ಹತ್ತು ದಾಟುವ ಮೊದಲೇ ಕ್ಯಾಥೊಲಿಕ್ ಸುಧಾರಣಾಗೃಹ ಕಂಡವಳು, ಹದಿಹರೆಯದಲ್ಲೇ ನ್ಯೂಯಾರ್ಕಿನಲ್ಲಿ ಸೆರೆಯಾದವಳು. ಸ್ಟುಡಿಯೋದ ಬಾಗಿಲು ದಾಟುವ ಹೊತ್ತಿಗೆ ಒಂದು ಬದುಕಿಗೆ ಸಾಕಾಗುವಷ್ಟು ಕಷ್ಟ ಉಂಡಿದ್ದಳು. ಆದರೂ 1935ರ ದನಿ ನಗುತ್ತದೆ. ಆ ನಗುವನ್ನು ಹಗುರ ಎನ್ನುವವರು ಅದರ ಬೆಲೆ ತಿಳಿದವರಲ್ಲ. ಕಷ್ಟವೇ ಕಲೆ ಹುಟ್ಟಿಸುವುದಾದರೆ ಆ ಕೇರಿಗಳ ಮನೆಮನೆಯಲ್ಲೂ ಒಬ್ಬ ಬಿಲಿ ಹುಟ್ಟಬೇಕಿತ್ತು.

1939ರಲ್ಲಿ 'ಸ್ಟ್ರೇಂಜ್ ಫ್ರೂಟ್' ಬಂತು. ಕಪ್ಪು ಜನರನ್ನು ಮರಕ್ಕೆ ನೇತುಹಾಕಿ ಕೊಲ್ಲುವುದರ ಬಗೆಗಿನ ಆ ಹಾಡನ್ನು ಆಕೆಯ ಕಂಪನಿ ಕೊಲಂಬಿಯ ಮುದ್ರಿಸಲು ಒಪ್ಪಲಿಲ್ಲ. ಕಮೊಡೋರ್ ಎಂಬ ಸಣ್ಣ ಕಂಪನಿ ಮುದ್ರಿಸಿತು. ಆ ಹಾಡಿನ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೆ ಅಲ್ಲಿಂದಾಚೆ ಕೇಳುಗರು ಆಕೆಯಿಂದ ಗಾಂಭೀರ್ಯವನ್ನೇ ಬಯಸತೊಡಗಿದರು, ವಿಳಂಬ ಗತಿಯ ವಿರಹಗೀತೆಗಳು ಹೆಚ್ಚಾದವು. ದುರಂತ ನಾಯಕಿಯ ಪಾತ್ರವನ್ನು ಆಕೆಗೆ ಹೊರಿಸುವ ಕೆಲಸ ಅಲ್ಲಿ ಮೊದಲಾಯಿತು.

ಕೊನೆಯ ಮುದ್ರಣಗಳನ್ನು ಬದಿಗೆ ಸರಿಸಿ ಎನ್ನುತ್ತಿಲ್ಲ. ದನಿ ಹೋದ ಮೇಲೂ ಅಲ್ಲಿ ಉಳಿದಿರುವುದು 1935ರ ಆ ಕಾಲಪ್ರಜ್ಞೆಯೇ, ಮಾತನ್ನು ಎಲ್ಲಿ ಇಡಬೇಕೆಂಬ ಅರಿವೇ. 1957ರ ಡಿಸೆಂಬರ್‌ನಲ್ಲಿ ಅಮೆರಿಕದ ಸಿಬಿಎಸ್ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಆಕೆ ತನ್ನದೇ ರಚನೆ 'ಫೈನ್ ಅಂಡ್ ಮೆಲೋ' ಹಾಡಿದಳು. ಅನಾರೋಗ್ಯದಿಂದ ಬಳಲಿದ ಲೆಸ್ಟರ್ ಎದ್ದು ನಿಂತು ಒಂದು ಆವರ್ತ ನುಡಿಸಿದರು. ಆ ದೃಶ್ಯವನ್ನು ಎಲ್ಲರೂ ಕಣ್ಣೀರಿನ ದೃಶ್ಯವೆಂದು ತೋರಿಸುತ್ತಾರೆ. ಬಿಲಿಯ ಮುಖ ನೋಡಿ: ಆಕೆ ತಲೆದೂಗುತ್ತಿದ್ದಾಳೆ, ಸ್ವರ ಬಿದ್ದ ಜಾಗವನ್ನು ಬಲ್ಲವಳಂತೆ ನಗುತ್ತಿದ್ದಾಳೆ. ಆಕೆಯೊಳಗಿನ ಸಂಗೀತಗಾರ್ತಿ ಆಗಲೂ ಕೆಲಸದಲ್ಲೇ ಇದ್ದಳು.

ಹೊಸದಾಗಿ ಬಿಲಿ ಹಾಲಿಡೇ ಕೇಳುವವರಲ್ಲಿ ನನ್ನದೊಂದೇ ವಿನಂತಿ. 1958ರಿಂದ ಶುರು ಮಾಡಬೇಡಿ. 1937ರ ಆ ದೋಣಿಯ ಹಾಡನ್ನು ಮೊದಲು ಕೇಳಿ. ಆಕೆಯ ಜೀವನಚರಿತ್ರೆಯನ್ನು ಆಮೇಲೆ ಓದಿ.