ಬಿಸಿ ಅನ್ನದ ಮೇಲೊಂದು ತೆಳು ಹಾಳೆ

ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಕಚೇರಿಯ ಊಟದ ಕೋಣೆಯಲ್ಲಿ ಮೈಕ್ರೋವೇವ್ ಮುಂದೆ ಸಣ್ಣದೊಂದು ಸಾಲು ನಿಲ್ಲುತ್ತದೆ. ಒಬ್ಬರ ಕೈಯಲ್ಲಿ ಬಿಸಿಬೇಳೆಬಾತು, ಇನ್ನೊಬ್ಬರದು ಹುಳಿಯನ್ನ, ಮತ್ತೊಬ್ಬರದು ರಾತ್ರಿ ಮಿಕ್ಕ ಪಲ್ಯ. ಡಬ್ಬಿಯ ಮುಚ್ಚಳ ತೆಗೆದು, ಒಳಗೆಲ್ಲ ಸಿಡಿಯದಿರಲೆಂದು ಮೇಲೆ ಕ್ಲಿಂಗ್ ಫಿಲ್ಮ್ ಎಳೆದು, ಎರಡು ನಿಮಿಷಕ್ಕೆ ಗುಂಡಿ ಒತ್ತುತ್ತಾರೆ. ಹಾಳೆ ಪೂರಿಯ ಹಾಗೆ ಉಬ್ಬುತ್ತದೆ. ಬಾಗಿಲು ತೆರೆದ ಕೂಡಲೇ ಕುಸಿದು ಅನ್ನಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಉಗುರಿನ ತುದಿಯಿಂದ ಸುಲಿದು ಬುಟ್ಟಿಗೆಸೆದು ಊಟಕ್ಕೆ ಕೂರುತ್ತಾರೆ. ಸಾಲಿನಲ್ಲಿದ್ದ ಯಾರೋ ಒಬ್ಬರು, 'ಅದು ಕ್ಯಾನ್ಸರ್ ಕಣ್ರೀ' ಎನ್ನುತ್ತಾರೆ. ಇನ್ನೊಬ್ಬರು, 'ಏನೂ ಆಗಲ್ಲ ಸಾರ್, ಮೈಕ್ರೋವೇವ್ ಸೇಫ್ ಅಂತ ಬರೆದಿದೆ' ಎನ್ನುತ್ತಾರೆ. ಇವರಲ್ಲಿ ಮೊದಲನೆಯವರು ಹೆದರಬೇಕಾದ್ದನ್ನು ಬಿಟ್ಟು ಬೇರೆ ಯಾವುದಕ್ಕೋ ಹೆದರಿದ್ದಾರೆ, ಎರಡನೆಯವರು ಹೇಳದೇ ಇದ್ದ ಮಾತನ್ನು ಲೇಬಲ್ಲಿನಲ್ಲಿ ಓದಿದ್ದಾರೆ ಎಂಬುದು ನನ್ನ ತಕರಾರು.

ಮೊದಲು ಅಲೆಯ ಮೇಲಿನ ಆಪಾದನೆಯನ್ನು ತೆಗೆದುಹಾಕಬೇಕು. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ರಾಡಾರಿನ ಮ್ಯಾಗ್ನೆಟ್ರಾನ್ ಪಕ್ಕದಲ್ಲಿ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತೆಂಬುದು ಈ ಒಲೆಯ ಹುಟ್ಟಿನ ಕತೆ. ಮನೆಯ ಮೈಕ್ರೋವೇವ್ ಬಳಸುವುದು 2.45 ಗಿಗಾಹರ್ಟ್ಸ್ ಅಲೆ. ಅದಕ್ಕೆ ಅಣುವನ್ನು ಒಡೆಯುವ ತಾಕತ್ತಿಲ್ಲ. ನೀರಿನ ಅಣುಗಳನ್ನು ಅತ್ತಿತ್ತ ಹೊರಳಾಡಿಸಿ ಬಿಸಿ ಹುಟ್ಟಿಸುತ್ತದೆ, ಅಷ್ಟೆ. ಎಕ್ಸ್‌ರೇಗೂ ಇದಕ್ಕೂ 'ವಿಕಿರಣ' ಎಂಬ ಒಂದೇ ಹೆಸರಿರುವುದರಿಂದ ಆಗಿರುವ ಗೊಂದಲ ಸಣ್ಣದಲ್ಲ. ಕ್ಲಿಂಗ್ ಫಿಲ್ಮಿನೊಳಗಂತೂ ಈ ಅಲೆ ಗಾಜಿನಲ್ಲಿ ಬೆಳಕು ಹೋದಂತೆ ಹಾದುಹೋಗುತ್ತದೆ. ಹಾಳೆ ಬಿಸಿಯಾಗುವುದು ಕೆಳಗಿನ ಅನ್ನದ ಬಿಸಿಯಿಂದ, ಏಳುವ ಹಬೆಯಿಂದ.

ಹಾಗಿದ್ದರೆ ಇದು ಮೈಕ್ರೋವೇವಿಗೆ ಸೇರಿದ ಪ್ರಶ್ನೆಯೇ ಅಲ್ಲ. 2025ರ ಫೆಬ್ರುವರಿಯಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ರಾಜ್ಯದ 250ರಷ್ಟು ಕಡೆ ಇಡ್ಲಿ ಬೇಯಿಸುವ ಬಗೆಯನ್ನು ಪರೀಕ್ಷಿಸಿದಾಗ ಸುಮಾರು 50 ಕಡೆ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿದ್ದು ಕಂಡಿತು. ಆರೋಗ್ಯ ಸಚಿವರೇ ಮುಂದೆ ಬಂದು ಅದನ್ನು ನಿಷೇಧಿಸುವ ಮಾತಾಡಿದರು, ಊರೆಲ್ಲ ಹೌಹಾರಿತು. ಇಡ್ಲಿ ಪಾತ್ರೆಯೊಳಗೆ ಯಾವ ಮೈಕ್ರೋ ಅಲೆಯೂ ಇರಲಿಲ್ಲ. ಅಲ್ಲಿದ್ದದ್ದು ನೂರು ಡಿಗ್ರಿಯ ಹಬೆ, ತೆಳು ಪ್ಲಾಸ್ಟಿಕ್, ಅದಕ್ಕೆ ಒತ್ತಿಕೊಂಡ ಹಿಟ್ಟು. ನಮ್ಮ ಊಟದ ಕೋಣೆಯಲ್ಲಿ ನಡೆಯುವುದೂ ಅದೇ. ಹೋಟೆಲಿನವನು ಮಾಡಿದರೆ ಅಪರಾಧ, ನಾವು ಮಾಡಿಕೊಂಡರೆ ಅನುಕೂಲ.

ಹಾಳೆಯಲ್ಲಿ ಏನಿದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ ಎಂಬಲ್ಲೇ ತೊಡಕು ಶುರು. ಕ್ಲಿಂಗ್ ಫಿಲ್ಮ್ ಎಂಬುದು ಕೆಲಸದ ಹೆಸರು, ವಸ್ತುವಿನ ಹೆಸರಲ್ಲ. 1933ರಲ್ಲಿ ಡೌ ಕೆಮಿಕಲ್ ಪ್ರಯೋಗಾಲಯದಲ್ಲಿ ರಾಲ್ಫ್ ವೈಲಿ ಎಂಬ ಹುಡುಗ ಎಷ್ಟು ತಿಕ್ಕಿದರೂ ಹೋಗದ ಜಿಗುಟೊಂದನ್ನು ಕಂಡ; ಅದೇ ಮುಂದೆ ಸರಾನ್ ಆಯಿತು, 1953ರಲ್ಲಿ ಅಮೆರಿಕದ ಅಡುಗೆಮನೆಗಳಿಗೆ ಬಂತು. ಅದು ಕ್ಲೋರಿನ್ ಇರುವ ಪ್ಲಾಸ್ಟಿಕ್. 2004ರಲ್ಲಿ ಆ ಬ್ರ್ಯಾಂಡಿನ ಒಡೆಯರಾದ ಎಸ್. ಸಿ. ಜಾನ್ಸನ್ ಕಂಪನಿಯವರು ಕ್ಲೋರಿನ್ ಬೇಡವೆಂದು ಪಾಲಿಥೀನಿಗೆ ಬದಲಾದರು. ಹೊಸ ಹಾಳೆ ಹಳೆಯದರಷ್ಟು ಅಂಟಲಿಲ್ಲ, ವ್ಯಾಪಾರ ಇಳಿಯಿತು. ಇವೆರಡರ ಜೊತೆಗೆ ಮೂರನೆಯದು ಪಿವಿಸಿ. ನಮ್ಮ ನೀರಿನ ಪೈಪು, ಕಿಟಕಿ ಚೌಕಟ್ಟು ಅದರದೇ. ಅಷ್ಟು ಬಿರುಸಾದ ವಸ್ತು ಹಾಳೆಯಾಗಿ ಬಳುಕಬೇಕಾದರೆ ಅದಕ್ಕೆ ಮೆತ್ತಗಾಗಿಸುವ ಎಣ್ಣೆಯಂಥ ರಾಸಾಯನಿಕವನ್ನು ಬೆರೆಸಬೇಕು. ಆಹಾರದ ಹಾಳೆಗಳಲ್ಲಿ ಬಹುಕಾಲ ಬಳಕೆಯಾದದ್ದು ಡಿಇಎಚ್‌ಎ. ಈ ರಾಸಾಯನಿಕ ಪ್ಲಾಸ್ಟಿಕ್ಕಿನ ಸರಪಳಿಗೆ ಬೆಸೆದುಕೊಂಡಿರುವುದಿಲ್ಲ, ನಡುವೆ ಸುಮ್ಮನೆ ಕೂತಿರುತ್ತದೆ. ಮೈಸೂರು ಪಾಕನ್ನು ಕಾಗದದಲ್ಲಿ ಕಟ್ಟಿದರೆ ಅರ್ಧ ಗಂಟೆಯಲ್ಲಿ ತುಪ್ಪ ಕಾಗದಕ್ಕೆ ಇಳಿಯುವುದಿಲ್ಲವೇ, ಇಲ್ಲಿಯೂ ಹಾಗೆಯೇ: ಕೂತಿದ್ದು ಎದ್ದು ಪಕ್ಕದ ಮನೆಗೆ ಹೋಗುತ್ತದೆ. ಪಕ್ಕದಲ್ಲಿ ಬೆಣ್ಣೆ, ಗಿಣ್ಣು, ಒಗ್ಗರಣೆಯ ಎಣ್ಣೆ ಇದ್ದರೆ ಬೇಗ ಹೋಗುತ್ತದೆ. ಬಿಸಿ ಇದ್ದರೆ ಇನ್ನೂ ಬೇಗ.

ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ವರ್ಷಗಟ್ಟಲೆ ಸಾರು ಹೊತ್ತ ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದು ನೋಡಿ. ಒಳಗೆಲ್ಲ ಅರಿಸಿನದ ಹಳದಿ. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದು. ಅರಿಸಿನದ ಬಣ್ಣ ಕೊಬ್ಬಿನಲ್ಲಿ ಕರಗುವಂಥದ್ದು, ಎಣ್ಣೆಯ ಬೆನ್ನೇರಿ ಪ್ಲಾಸ್ಟಿಕ್ಕಿನ ಒಳಗೇ ಹೋಗಿ ಕೂತಿದೆ. ಸಾರಿನ ಮಟ್ಟ ಎಲ್ಲಿತ್ತೋ ಅಲ್ಲೊಂದು ಒರಟು ಗೆರೆಯೂ ಕೈಗೆ ಸಿಗುತ್ತದೆ. ನೀರು ನೂರು ಡಿಗ್ರಿಗೆ ನಿಲ್ಲುತ್ತದೆ. ಮೇಲೆ ತೇಲುವ ಎಣ್ಣೆ, ತಳದ ಬೆಲ್ಲ ಅಲ್ಲಿಗೆ ನಿಲ್ಲುವುದಿಲ್ಲ. ತೆಳು ಪಾಲಿಥೀನ್ ಕರಗಲು 110 ಡಿಗ್ರಿಯ ಆಸುಪಾಸು ಸಾಕು. ತುಪ್ಪ ಸುರಿದ ಬಿಸಿಬೇಳೆಬಾತಿನ ಮೇಲೆ ಹಾಳೆ ತೂತು ಬಿದ್ದದ್ದನ್ನು ನಾನೇ ನೋಡಿದ್ದೇನೆ. ತೂತಿನ ಜಾಗದ ಪ್ಲಾಸ್ಟಿಕ್ ಎಲ್ಲಿ ಹೋಯಿತೆಂದು ಆ ದಿನ ಯಾರೂ ಕೇಳಲಿಲ್ಲ.

ಈಗ ಕ್ಯಾನ್ಸರಿನ ಮಾತು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ಕಾನ್ಸಾಸಿನ ಶಾಲಾ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಹಾಳೆಯನ್ನು ಆಲಿವ್ ಎಣ್ಣೆಯಲ್ಲಿಟ್ಟು ಮೈಕ್ರೋವೇವ್ ಮಾಡಿ, ಎಣ್ಣೆಗೆ ಡಿಇಎಚ್‌ಎ ಇಳಿಯುವುದನ್ನು ತೋರಿಸಿದಳು. ಪ್ರಶ್ನೆ ಜಾಣ್ಮೆಯದು, ಉತ್ತರ ನೇರವಾದದ್ದು. ಬರೀ ಎಣ್ಣೆ ಎಂದರೆ ಅತಿ ಕೆಟ್ಟ ಸಂದರ್ಭ, ಊಟದ ತಟ್ಟೆಯಲ್ಲ ಎಂಬುದನ್ನು ಮರೆಯದಿದ್ದರೆ ಅದು ಒಳ್ಳೆಯ ಪ್ರಯೋಗವೇ. ಕೆಟ್ಟದ್ದು ಆಮೇಲಿನದು. ಅದೇ ಪ್ರಯೋಗದ ಬಾಲಕ್ಕೆ ಡಯಾಕ್ಸಿನ್ ಎಂಬ ವಿಷದ ಹೆಸರು ಕಟ್ಟಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಹೇಳಿದೆಯೆಂದು ಮುದ್ರೆ ಒತ್ತಿ, ಇಮೇಲುಗಳು ಲೋಕವೆಲ್ಲ ಸುತ್ತಿದವು. ಇಂದಿಗೂ ಮುಂಜಾನೆಯ ಶುಭೋದಯದ ಹೂವಿನ ಜೊತೆ ವಾಟ್ಸಾಪಿನಲ್ಲಿ ಅದರ ಮರಿಮಕ್ಕಳು ಬರುತ್ತವೆ. ಆ ವಿಶ್ವವಿದ್ಯಾಲಯ ತನಗೂ ಅದಕ್ಕೂ ಸಂಬಂಧವಿಲ್ಲವೆಂದಿತು. ಅಲ್ಲಿದ್ದ ವಿಜ್ಞಾನಿ ರೋಲ್ಫ್ ಹಾಲ್ಡನ್ 2004ರಲ್ಲೇ ಡಯಾಕ್ಸಿನ್ ಹುಟ್ಟುವುದು ಸುಡುವಿಕೆಯಿಂದ ಎಂದು ಬಿಡಿಸಿ ಹೇಳಿದ್ದರು. ಕ್ಲೋರಿನ್ನೇ ಇಲ್ಲದ ಪಾಲಿಥೀನಿನಿಂದ, ಅದೂ ಅನ್ನ ಬೆಚ್ಚಗಾಗುವ ಬಿಸಿಯಲ್ಲಿ, ಡಯಾಕ್ಸಿನ್ ಬರಲು ದಾರಿಯಿಲ್ಲ. ಡಯಾಕ್ಸಿನ್ ಬೇಕಿದ್ದರೆ ಖಾಲಿ ಸೈಟಿನಲ್ಲಿ ಕಸಕ್ಕೆ ಬೆಂಕಿ ಹಾಕುವ ಕಡೆ ಹೋಗಬೇಕು. ಇನ್ನು ಡಿಇಎಚ್‌ಎ: 2000ದಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೂರನೇ ಗುಂಪಿನಲ್ಲಿಟ್ಟಿತು. ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವರ್ಗೀಕರಿಸಲು ಆಧಾರ ಸಾಲದು ಎಂದು ಅದರರ್ಥ. ಸುಳ್ಳು ಇಮೇಲಿನಿಂದ ಆದ ದೊಡ್ಡ ನಷ್ಟವೆಂದರೆ, ಡಯಾಕ್ಸಿನ್ ಸುಳ್ಳೆಂದು ಗೊತ್ತಾದ ದಿನ ಜನ ಹಾಳೆಯನ್ನೂ ನಿರಪರಾಧಿಯೆಂದು ಬಿಟ್ಟುಬಿಟ್ಟರು.

ಹೊಸ ಭಯದ ಹೆಸರು ನ್ಯಾನೋಪ್ಲಾಸ್ಟಿಕ್. 2023ರಲ್ಲಿ ಅಮೆರಿಕದ ನೆಬ್ರಾಸ್ಕ-ಲಿಂಕನ್ ವಿಶ್ವವಿದ್ಯಾಲಯದವರು ಮಕ್ಕಳ ಆಹಾರದ ಪ್ಲಾಸ್ಟಿಕ್ ಡಬ್ಬಿ, ಚೀಲಗಳಲ್ಲಿ ನೀರನ್ನೂ ತೆಳು ಹುಳಿಯನ್ನೂ ತುಂಬಿ ಮೂರು ನಿಮಿಷ ಮೈಕ್ರೋವೇವ್ ಮಾಡಿದರು. ಒಂದು ಚದರ ಸೆಂಟಿಮೀಟರಿನಿಂದ ಹೆಚ್ಚೆಂದರೆ 40 ಲಕ್ಷಕ್ಕೂ ಮೀರಿ ಮೈಕ್ರೋ ಕಣ, 200 ಕೋಟಿಗೂ ಮೀರಿ ನ್ಯಾನೋ ಕಣ ಹೊರಬಂದವು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಮೂತ್ರಪಿಂಡದ ಕೋಶಗಳ ಮೇಲೆ ಅಂಥ ಕಣ ಹಾಕಿದಾಗ ಮುಕ್ಕಾಲು ಭಾಗ ಸತ್ತವು. ಪತ್ರಿಕೆಗಳ ತಲೆಬರಹ ಇಲ್ಲಿಗೆ ನಿಂತಿತು. ಆದರೆ ಆ ಸಾವು ಕಂಡದ್ದು ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಕಣ ಬೆರೆಸಿ ಎರಡು ದಿನ ಇಟ್ಟಾಗ. ಊಟ ಮಾಡುವವರ ಮೂತ್ರಪಿಂಡ ಅಷ್ಟು ಗಟ್ಟಿಯಾದ ಕಣದ ಗಂಜಿಯಲ್ಲಿ ಮುಳುಗಿರುವುದಿಲ್ಲ. ಕೋಟಿ ಎಂಬ ಎಣಿಕೆಗೆ ಬೆಚ್ಚುವ ಮೊದಲು ಆ ಕಣದ ತೂಕ ಎಷ್ಟೆಂದು ಕೇಳಬೇಕು. ಹಾಗೆಂದು ಸಂಶೋಧನೆಯನ್ನು ತಳ್ಳಿಹಾಕುವವನೂ ನಾನಲ್ಲ. ಫ್ರಿಜ್ಜಿನಲ್ಲಿ ಸುಮ್ಮನೆ ಇಟ್ಟದ್ದಕ್ಕಿಂತ ಮೈಕ್ರೋವೇವಿನ ಬಿಸಿಯಲ್ಲಿ ಕಣ ಬಹಳ ಹೆಚ್ಚು ಉದುರುತ್ತದೆ ಎಂಬ ಅದರ ತಿರುಳು ಗಟ್ಟಿಯಾಗಿದೆ. ಅದರಿಂದ ಯಾರಿಗೆ ಎಷ್ಟು ಹಾನಿ ಎಂಬ ಲೆಕ್ಕ ಆ ಪ್ರಯೋಗದಲ್ಲಿ ಇಲ್ಲ.

ಈ ಎಲ್ಲ ಅನಿಶ್ಚಯದ ನಡುವೆ 'ಮೈಕ್ರೋವೇವ್ ಸೇಫ್' ಎಂಬ ಎರಡು ಪದ ಎಷ್ಟು ನಿಶ್ಚಿಂತೆಯಿಂದ ಕೂತಿವೆ ನೋಡಿ! ಆ ಮಾತು ಪಾತ್ರೆಯ ಬಗ್ಗೆ: ಬಿಸಿಗೆ ಅದು ಸೊಟ್ಟಗಾಗುವುದಿಲ್ಲ, ಕರಗುವುದಿಲ್ಲ. ಊಟಕ್ಕೆ ಏನೂ ಸೇರುವುದಿಲ್ಲವೆಂದು ಅದು ಹೇಳುತ್ತಿಲ್ಲ. ಕಾನೂನು ಕೂಡ ಹಾಗೆ ಹೇಳುವುದಿಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಪ್ಲಾಸ್ಟಿಕ್ಕಿನಿಂದ ಕಿಲೋ ಆಹಾರಕ್ಕೆ ಒಟ್ಟು 60 ಮಿಲಿಗ್ರಾಂವರೆಗೆ ಇಳಿಯಬಹುದೆನ್ನುತ್ತವೆ. ಯುರೋಪಿನ ಮಿತಿಯೂ ಅದೇ. ಇಳಿಯುತ್ತದೆ ಎಂದು ಒಪ್ಪಿಕೊಂಡೇ ಮಿತಿ ಹಾಕಿದ್ದಾರೆ. ಮಿತಿಗಳೂ ಶಿಲಾಶಾಸನವಲ್ಲ. ಗಟ್ಟಿ ಪಾಲಿಕಾರ್ಬೊನೇಟ್ ಪಾತ್ರೆಗಳ ಬಿಪಿಎ ಎಂಬ ರಾಸಾಯನಿಕವನ್ನೇ ತೆಗೆದುಕೊಳ್ಳಿ, ಅದು ಕ್ಲಿಂಗ್ ಫಿಲ್ಮಿನ ಸರಕಲ್ಲ, ಆದರೂ ಪಾಠ ಇಲ್ಲಿಗೂ ಸಲ್ಲುತ್ತದೆ. ಒಬ್ಬರ ದೇಹ ದಿನಕ್ಕೆ ಎಷ್ಟು ತಾಳಬಲ್ಲದೆಂಬ ಅಂಕಿಯನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಒಂದು ಬಗೆಯಾಗಿ ಹೇಳಿತು, 2023ರಲ್ಲಿ ಅದನ್ನೇ 20,000 ಪಟ್ಟು ಇಳಿಸಿತು. ಎಂಟು ವರ್ಷ 'ಸೇಫ್' ಎಂದು ತಿಂದವರಿಗೆ ಯಾರೂ ಪತ್ರ ಬರೆದು ತಿಳಿಸಲಿಲ್ಲ.

ಮುಚ್ಚುವ ಅಭ್ಯಾಸವನ್ನು ಮಾತ್ರ ಬೈಯಬಾರದು. ಈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಪೆಟ್ಟಿಗೆಯೊಳಗೆ ಕೆಲವು ಕಡೆ ಬಿಸಿ ಜಾಸ್ತಿ, ಕೆಲವು ಕಡೆ ತಣ್ಣಗೆ. ತಟ್ಟೆ ತಿರುಗುವುದೂ ಅದಕ್ಕೇ. ಮುಚ್ಚಿದರೆ ಹಬೆ ಒಳಗೇ ಸುತ್ತಿ ಮೂಲೆಯ ಅನ್ನಕ್ಕೂ ಬಿಸಿ ಮುಟ್ಟಿಸುತ್ತದೆ, ನಿನ್ನೆಯ ಪಲ್ಯದ ಕ್ರಿಮಿಗಳಿಗೂ ಮುಟ್ಟಿಸುತ್ತದೆ. ಹಾಳೆಯನ್ನೇ ಬಳಸುವುದಾದರೆ ಅದು ಊಟಕ್ಕೆ ತಾಗದಂತೆ ಎತ್ತರದಲ್ಲಿರಲಿ, ಒಂದು ಮೂಲೆ ತೆರೆದಿರಲಿ ಎಂಬುದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ಕಾಗದದ ಮೇಲೆ ಸರಿಯಾಗಿದೆ. ಉಬ್ಬಿ ಕುಸಿಯುವ ಹಾಳೆ ಈ ಸಲಹೆಯನ್ನು ಓದಿರುವುದಿಲ್ಲ.

ನನಗೆ ಕಾಣುವ ವಿಪರ್ಯಾಸ ಬೇರೆಯದು. ನಮ್ಮದು ಸ್ಟೀಲಿನ ಅಡುಗೆಮನೆ. ಡಬ್ಬಿ, ಕ್ಯಾರಿಯರ್, ಲೋಟ, ತಟ್ಟೆ, ಮದುವೆಗೆ ಕೊಟ್ಟ ಹೆಸರು ಕೊರೆದ ಪಾತ್ರೆ, ಎಲ್ಲ ಸ್ಟೀಲು. ಲೋಹ ಈ ಒಲೆಗೆ ಆಗದು. ಅಲೆ ತಿರುಗಿ ಬರುತ್ತದೆ, ಕಿಡಿ ಹಾರಬಹುದು. ಆದ್ದರಿಂದ ಮೈಕ್ರೋವೇವ್ ಕೊಂಡ ಮನೆ ಅದರ ಹಿಂದೆಯೇ ಪ್ಲಾಸ್ಟಿಕ್ ಡಬ್ಬಿಗಳ ಸೆಟ್ಟನ್ನೂ ಕೊಂಡಿತು. ಪ್ಲಾಸ್ಟಿಕ್ ನಮ್ಮ ಬಿಸಿ ಊಟಕ್ಕೆ ಹೀಗೆ ಹಿತ್ತಿಲ ಬಾಗಿಲಿನಿಂದ ಬಂತು, ಯಾರೂ ಕರೆಯದೆ. ಅದೇ ಮನೆಯಲ್ಲಿ ಪಿಂಗಾಣಿಯ ಸಾಸರ್ ಒಂದಾದರೂ ಇರುತ್ತದೆ. ಗಾಜಿನ ಅಥವಾ ಪಿಂಗಾಣಿಯ ಬಟ್ಟಲಿನ ಮೇಲೆ ಅದನ್ನು ಮಗುಚಿಟ್ಟರೆ ಹಬೆ ನಿಲ್ಲುತ್ತದೆ, ಸಿಡಿಯುವುದು ನಿಲ್ಲುತ್ತದೆ, ಕೊಬ್ಬಿಗೆ ಇಳಿಯಲು ಅದರಲ್ಲಿ ಏನೂ ಇಲ್ಲ. ಹಾಳೆ ಮಾಡುವ ಯಾವ ಕೆಲಸವನ್ನು ಸಾಸರ್ ಮಾಡಲಾರದು? ಒಂದು ಪದ್ಧತಿಯ ಅಪಾಯ ಸಣ್ಣದಿರಬಹುದು, ಆದರೆ ಅದರ ಲಾಭ ಸೊನ್ನೆಯಾಗಿದ್ದರೆ ಆ ಸಣ್ಣ ಅಪಾಯವನ್ನೂ ಹೊರುವ ಕಾರಣವಿಲ್ಲ. ಬೆಚ್ಚಗಾಗುವ ಊಟದ ಮೇಲೆ ಕ್ಲಿಂಗ್ ಫಿಲ್ಮಿನ ಬಗ್ಗೆ ನನ್ನ ತೀರ್ಪು ಇಷ್ಟೇ: ಅದು ವಿಷವಲ್ಲ, ಅನಗತ್ಯ.

ಅಂದಹಾಗೆ, 2016ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿದ ಪಟ್ಟಿಯಲ್ಲಿ ಕ್ಲಿಂಗ್ ಫಿಲ್ಮಿನ ಹೆಸರೂ ಇತ್ತು. ಊಟದ ಚಿಂತೆಯಿಂದಲ್ಲ, ಕಸದ ಚಿಂತೆಯಿಂದ. ಸುರುಳಿ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ. ಬಹುಶಃ ನಿಮ್ಮ ಮನೆಯ ಡ್ರಾಯರಿನಲ್ಲೂ ಒಂದಿದೆ. ಅದರ ಪೆಟ್ಟಿಗೆಯನ್ನು ತಿರುಗಿಸಿ ಯಾವ ಪ್ಲಾಸ್ಟಿಕ್ ಎಂದು ಬರೆದಿದೆಯೇ ನೋಡಿ. ಬರೆದಿರಲಿ, ಬಿಡಲಿ, ಅದನ್ನು ಫ್ರಿಜ್ಜಿನಲ್ಲಿಡುವ ಅರ್ಧ ಸೌತೆಕಾಯಿಗೆ ಉಳಿಸಿಕೊಳ್ಳಿ.